ಹೆರಿಗೆ ಕೋಣೆಯ ಕೆಂಪುಕಲ್ಲು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಚಪ್ಪಲಿ ಕಳಚಿ, ಅಂಗಳದ ಮೂಲೆಯಲ್ಲಿ ಕೈ ತೊಳೆದು, ಎರಡೂ ಅಂಗೈಗಳನ್ನು ಮನೆಯವರ ಕಿವಿಯ ಹತ್ತಿರ ಹಿಡಿಯಬೇಕು. ಅವರು ಒಂದು ಗಳಿಗೆ ಆಲಿಸಿ "ಬನ್ನಿ" ಎಂದರೆ ಒಳಗೆ. ಹುಬ್ಬು ಗಂಟಿಕ್ಕಿದರೆ ಮತ್ತೆ ನಲ್ಲಿಯ ಕಡೆಗೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಅಳಿಯನಿಗೂ ಅದೇ, ಅಧಿಕಾರಿಗೂ ಅದೇ. ನಮ್ಮಲ್ಲಿ ಕ್ರಿಮಿಗಳಿಗೆ ದನಿಯುಂಟು, ಅಷ್ಟೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಮೊದಲು ನಗುತ್ತಾರೆ. ಮೊಸರು ಹೆಪ್ಪಾಯಿತೋ ಇಲ್ಲವೋ ಎಂದು ಅವರು ಪಾತ್ರೆಯನ್ನು ಓರೆ ಮಾಡಿ ನೋಡುವಾಗ ನಾವು ನಗುತ್ತೇವೆ.

ಎಲ್ಲ ದನಿಯೂ ಕೆಟ್ಟದ್ದಲ್ಲ. ಮೊಸರಿನದು ತೂಕಡಿಸುವವರ ಗುನುಗು. ಇಡ್ಲಿ ಹಿಟ್ಟಿನದು ಇನ್ನೂ ಸ್ವಲ್ಪ ದಪ್ಪ. ಬೆಳಗ್ಗೆ ಎದ್ದ ಅತ್ತೆಯಂದಿರು ಪಾತ್ರೆಗೆ ಕಿವಿ ಕೊಟ್ಟು "ಇನ್ನು ಅರ್ಧ ಗಂಟೆ ಬೇಕು" ಎನ್ನುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಹಾಡು ಹೇಳಿಸುವುದಿಲ್ಲ, ಅಡುಗೆಮನೆಯ ಒರೆಸುವ ಬಟ್ಟೆಯನ್ನು ತರಿಸಿ ಕೇಳುತ್ತಾರೆ. ನನಗೆ ಬಂದ ಒಳ್ಳೆಯ ಸಂಬಂಧವೊಂದು ತಪ್ಪಿಹೋದದ್ದು ಆ ಬಟ್ಟೆಯಿಂದಲೇ. ಹುಡುಗನನ್ನು ಆಮೇಲೆ ಪೇಟೆಯಲ್ಲಿ ಕಂಡೆ. ಬಟ್ಟೆಗೆ ಇವತ್ತಿಗೂ ಋಣಿಯಾಗಿದ್ದೇನೆ.

ಕೆಟ್ಟದ್ದರ ದನಿಯೇ ಬೇರೆ. ಕೀವು ಕಟ್ಟುವ ಗಾಯದಿಂದ, ಹಳಸಿದ ಮೀನಿನಿಂದ, ಆಸ್ಪತ್ರೆಯ ಗೋಡೆಗಳಿಂದ ಬರುವುದು ಕೀರಲು. ಸಣ್ಣಗೆ, ಬಿಡದೆ, ಹಲ್ಲಿನ ಬುಡಕ್ಕೆ ಹೋಗಿ ನಿಲ್ಲುವಂಥದ್ದು. ಅದಕ್ಕೆಂದೇ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಅಮಾವಾಸ್ಯೆಯ ಮಧ್ಯಾಹ್ನ, ಊರಿಗೆಲ್ಲ ಸೂಕ್ಷ್ಮ ಕಿವಿಯವರೆಂದು ನೇಮಿಸಿದ ಕಿವಿ ಯಜಮಾನರು ಬಂದು ಸಾರ್ವಜನಿಕ ಕೋಣೆಗಳನ್ನೆಲ್ಲ ಕೇಳಬೇಕು. ಸಾಲಾಗಿ ಮೂರು ಅಮಾವಾಸ್ಯೆ ಕೀರಿದ ಕೋಣೆಗೆ ಬಾಗಿಲಿಲ್ಲ, ಗೋಡೆ. ಆ ಗೋಡೆಗೆ ಬೇಕಾದ ಕಲ್ಲನ್ನು ಆ ಕೋಣೆಯಿಂದ ನೊಂದವರು ಮೊದಲೇ ತಂದು ಬಾಗಿಲ ಬಳಿ ಇಟ್ಟಿರುತ್ತಾರೆ. ಒಬ್ಬರಿಗೆ ಒಂದು ಕಲ್ಲು. ಗೋಡೆ ಕಟ್ಟುವ ದಿನದವರೆಗೆ ಇಟ್ಟವರಲ್ಲದೆ ಬೇರೆ ಯಾರೂ ಅದನ್ನು ಕದಲಿಸುವಂತಿಲ್ಲ. ಹೀಗೆ ನಮ್ಮ ಆಸ್ಪತ್ರೆಯ ಆರು ಕೋಣೆಗಳಲ್ಲಿ ಐದಕ್ಕೆ ಗೋಡೆ ಎದ್ದಿತ್ತು. ಜ್ವರದವರು ಜಗಲಿಯಲ್ಲಿ, ಮೂಳೆ ಮುರಿದವರು ಸೈಕಲ್ ನಿಲ್ಲಿಸುವ ಕಡೆ. ಉಳಿದದ್ದು ಹೆರಿಗೆ ಕೋಣೆ ಒಂದೇ, ಅದೂ ಮೂರನೆಯ ಅಮಾವಾಸ್ಯೆಯೊಳಗೆ ಹೇಗೋ ಕೀರಲಿನಿಂದ ಗೊಣಗಾಟಕ್ಕೆ ಇಳಿದು ಪಾರಾಗುತ್ತಿತ್ತು.

ಆ ಕೋಣೆಯ ಬಾಗಿಲ ಬಳಿ ಮೂವತ್ತೊಂದು ಕಲ್ಲುಗಳಿದ್ದವು. ಎಲ್ಲಕ್ಕಿಂತ ಕೆಳಗಿನದು ನನ್ನದು. ಇಪ್ಪತ್ತನಾಲ್ಕು ವರ್ಷದ ಹಿಂದೆ ನನ್ನ ತಂಗಿ ಜಲಜ ಆ ಕೋಣೆಯಲ್ಲಿ ಹೆಣ್ಣುಮಗು ಹೆತ್ತು, ಮೂರನೆಯ ದಿನ ಜ್ವರ ಬಂದು, ಒಂಬತ್ತನೆಯ ದಿನ ಹೋದಳು. ನಾನು ಕಲ್ಲುಕೋರೆಗೆ ಹೋಗಿ, ಇದ್ದುದರಲ್ಲಿ ಚೆನ್ನಾಗಿರುವ ಒಂದು ಕೆಂಪುಕಲ್ಲು ಆರಿಸಿ, ತಲೆಯ ಮೇಲೆ ಹೊತ್ತು ತಂದು ಆ ಹೊಸ್ತಿಲಿಗೆ ಕುಕ್ಕಿದೆ. ಸದ್ದಿಗೆ ಒಳಗಿದ್ದ ಹೊಸ ನರ್ಸು ಬೆಚ್ಚಿ ಹೊರಗೆ ಬಂದಳು. ಇಪ್ಪತ್ತೊಂದರ ಹುಡುಗಿ, ಫ್ಲೇವಿಯಾ. ಜಲಜಳ ಹೆರಿಗೆಯ ದಿನ ಡ್ಯೂಟಿಯಲ್ಲಿದ್ದವಳು ಅವಳೇ. ಎರಡೂ ಅಂಗೈಗಳನ್ನು ನನ್ನ ಕಿವಿಯ ಕಡೆಗೆ ಚಾಚಿದಳು. ನಾನು ಮುಖ ತಿರುಗಿಸಿ ಬಂದೆ. ಆಮೇಲೆ ಅವಳ ಜೊತೆ ಒಂದು ಮಾತನ್ನೂ ಆಡಲಿಲ್ಲ. ಸಣ್ಣ ಊರಿನಲ್ಲಿ ಇಪ್ಪತ್ತನಾಲ್ಕು ವರ್ಷ ಒಬ್ಬರ ಮೇಲೆ ಮುನಿಸು ಉಳಿಸಿಕೊಳ್ಳುವುದು ಸುಲಭದ ಕೆಲಸವಲ್ಲ, ಅದಕ್ಕೂ ಶಿಸ್ತು ಬೇಕು. ನನಗೆ ಅದಿತ್ತು.

ಜಲಜಳ ಮಗಳು ಹರಿಣಾಕ್ಷಿಯನ್ನು ಬೆಳೆಸಿದ್ದು ನಾನು. ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ನನ್ನ ಕೋಪವೂ ತಾಯಿಯ ಹಟವೂ ಎರಡೂ ಅವಳಲ್ಲಿ ಸೇರಿಕೊಂಡಿವೆ, ಗಂಡ ಪಾಪದವನು. ಅವಳು ಬಸುರಿಯಾದಾಗ ನಾನು ಮೊದಲೇ ಹೇಳಿದ್ದೆ, ಹೆರಿಗೆ ಅಳಿವೆಯಾಚೆಯ ಊರಿನಲ್ಲಿ ಎಂದು. ದೋಣಿಯಲ್ಲಿ ಏಳು ಗಂಟೆ, ಪರವಾಗಿಲ್ಲ. ಅಲ್ಲಿನ ಗೋಡೆಗಳಿಗೆ ದನಿಯಿಲ್ಲ. ಆದರೆ ಏಳನೆಯ ತಿಂಗಳಿನಲ್ಲಿ ಅವಳ ಕಾಲು ಊದಿಕೊಂಡಿತು, ರಕ್ತದೊತ್ತಡ ಏರಿತು. ಡಾಕ್ಟರು "ದೋಣಿ ಹತ್ತಿಸಬೇಡಿ, ನಡುನೀರಿನಲ್ಲಿ ಏನಾದರೂ ಆದರೆ ಕಷ್ಟ" ಎಂದುಬಿಟ್ಟರು. ಅದೇ ವಾರ ಅಮಾವಾಸ್ಯೆ. ಕಿವಿ ಯಜಮಾನರು ಹೆರಿಗೆ ಕೋಣೆ ಕೇಳಿ ಹೊರಗೆ ಬಂದು ಒಂದು ಬೆರಳು ಎತ್ತಿದರು. ಒಂದನೆಯ ಸಲ ಕೀರಿತು ಎಂದು ಅದರ ಅರ್ಥ. ಹರಿಣಿಗೆ ಇನ್ನು ಎರಡು ತಿಂಗಳು. ಕೋಣೆಗೂ ಎರಡು ತಿಂಗಳು.

"ಒಳ್ಳೇದೇ ಆಯ್ತಲ್ಲ ದೊಡ್ಡಮ್ಮ" ಎಂದಳು ಹರಿಣಿ, ಊದಿದ ಕಾಲನ್ನು ಮಣೆಯ ಮೇಲಿಟ್ಟುಕೊಂಡು. "ನಿಮ್ಮ ಕಲ್ಲಿಗೆ ಕೊನೆಗೂ ಕೆಲಸ ಸಿಕ್ತು."

"ಬಾಯಿ ಮುಚ್ಚು."

"ನಾನು ಜಗಲಿಯಲ್ಲಿ ಹೆರ್ಬೇಕಾ? ಸೈಕಲ್ ಪಕ್ಕದಲ್ಲಿ?"

ನಾನು ಅವಳ ಕಾಲಿನ ಕೆಳಗೆ ಇನ್ನೊಂದು ದಿಂಬು ತುರುಕಿದೆ. ಯಾವ ಕೋಣೆಗೆ ಗೋಡೆ ಹಾಕಿಸಬೇಕೆಂದು ಅರ್ಧ ಆಯುಷ್ಯ ಕಾದಿದ್ದೆನೋ ಅದೇ ಕೋಣೆಯನ್ನು ಈಗ ಉಳಿಸಬೇಕಾಗಿತ್ತು. ಉಳಿಸಿದರಷ್ಟೇ ಸಾಲದು, ಅದರ ಬಾಯಿ ಮುಚ್ಚಿಸಬೇಕಿತ್ತು. ಮತ್ತು ಊರಿನಲ್ಲಿ ಅದನ್ನು ಮಾಡಬಲ್ಲವರು ಯಾರಾದರೂ ಇದ್ದರೆ ಅದು ನಾನೇ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ, ಹೌದು.

ನಾನು ರೆಕ್ಸಿನ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಸ್ಸಿನ ಸೀಟು, ಸೋಫಾ, ಆಸ್ಪತ್ರೆಯ ಹಾಸಿಗೆ, ಇವುಗಳ ಮೇಲಿನ ಹೊದಿಕೆಯನ್ನು ಎಷ್ಟು ಮೆತ್ತಗೆ, ಎಷ್ಟು ಗಟ್ಟಿ ಮಾಡಬೇಕೆಂದು ಇಪ್ಪತ್ತಾರು ವರ್ಷದಿಂದ ಲೆಕ್ಕ ಹಾಕುತ್ತಿದ್ದೇನೆ. ಪಾಲಿಮರ್ ಎಂದರೆ ನನಗೆ ದೊಡ್ಡ ಪದವಲ್ಲ. ಒಂದೇ ಬಗೆಯ ಮಣಿಗಳನ್ನು ಸಾವಿರಗಟ್ಟಲೆ ಪೋಣಿಸಿದ ಉದ್ದನೆಯ ಸರ, ಅಷ್ಟೆ. ಸರ ಹೇಗಿದೆಯೋ ವಸ್ತು ಹಾಗೆ.

ಮೊದಲ ಸಲ ನಾನು ಸುಲಭದ ದಾರಿ ಹಿಡಿದೆ. ಗೋಡೆಗೆ ಹಚ್ಚುವ ಬಣ್ಣಕ್ಕೆ ಕ್ರಿಮಿ ಕೊಲ್ಲುವ ಮದ್ದನ್ನು ಧಾರಾಳವಾಗಿ ಬೆರೆಸಿ, ಪೇಂಟರನ್ನು ಕಳಿಸಿ, ಕೋಣೆಗೆಲ್ಲ ಹಚ್ಚಿಸಿದೆ. ನಾನೇ ಹೋಗಲಿಲ್ಲ, ಹೋದರೆ ಫ್ಲೇವಿಯಾಳನ್ನು ನೋಡಬೇಕಾಗುತ್ತದೆ. ಅವಳು ಈಗ ಅಲ್ಲಿ ಹೆಡ್ ಸಿಸ್ಟರು. ಹಚ್ಚಿದ ಕೂಡಲೇ ಗೋಡೆ ಮೌನವಾಯಿತೆಂದು ಸುದ್ದಿ ಬಂತು. ಪೇಟೆಯಲ್ಲಿ ನಾನು ಸ್ವಲ್ಪ ಎದೆ ಎತ್ತಿ ನಡೆದದ್ದೂ ಹೌದು. ಮೂರನೆಯ ದಿನ ಒಂದು ಮೂಲೆಯಲ್ಲಿ ಸಣ್ಣ ಸದ್ದೆದ್ದಿತು, ಆಸ್ಪತ್ರೆಯವರು ಎಂದಿನಂತೆ ಹತ್ತು ದಿನ ಬಿಸಿನೀರು ಹಾಕಿ ಗೋಡೆ ತಿಕ್ಕಿದರು. ಮದ್ದು ಬಣ್ಣದೊಳಗಿನ ಪಾಲಿಮರ್ ಸರಗಳ ನಡುವೆ ಸುಮ್ಮನೆ ಕೂತಿತ್ತೇ ಹೊರತು ಯಾವ ಮಣಿಯನ್ನೂ ಹಿಡಿದುಕೊಂಡಿರಲಿಲ್ಲ. ಎಲ್ಲ ನೀರಿನ ಜೊತೆ ಚರಂಡಿಗೆ ಹೋಯಿತು. ಎರಡನೆಯ ಅಮಾವಾಸ್ಯೆಗೆ ಕಿವಿ ಯಜಮಾನರು ಬಾಗಿಲು ತೆರೆಯುವ ಮುಂಚೆಯೇ ಹೊರಗೆ ನಿಂತವರಿಗೆಲ್ಲ ಕೀರಲು ಕೇಳಿಸಿತಂತೆ. ಎರಡು ಬೆರಳು.

ಮರುದಿನ ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಅಂಗಳದಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು, ಬಹಳ ಹೊತ್ತು ನೀರು ಬಿತ್ತು. ತಲೆಯೆತ್ತಿದರೆ ಫ್ಲೇವಿಯಾ. ಬಿಳಿ ಸೀರೆ, ನರೆತ ಕೂದಲು, ತೊಳೆದು ತೊಳೆದು ಬಿಳಿಚಿಕೊಂಡ ಕೈಗಳು. ಮೆಟ್ಟಿಲ ಕೆಳಗೆ ನಿಂತು ಎರಡೂ ಅಂಗೈ ಚಾಚಿದಳು, ಆ ದಿನ ಚಾಚಿದ ಹಾಗೆಯೇ.

"ವಾರಿಜಕ್ಕ, ಒಮ್ಮೆ ಕೇಳಿ" ಎಂದಳು. "ನೀವು ಕೇಳುವುದಿಲ್ಲ ಅಂದ್ರೆ ನಾನು ಇಲ್ಲಿಂದ್ಲೇ ಹೇಳಿ ಹೋಗ್ತೇನೆ. ಅವತ್ತು ಜಲಜಳನ್ನು ಮುಟ್ಟುವ ಮೊದಲು ನಾನು ಮೂರು ಸಲ ಕೈ ತೊಳೆದಿದ್ದೆ. ನನ್ನ ಕೈಯಲ್ಲಿ ಸದ್ದಿತ್ತೋ ಇಲ್ವೋ ಅಂತ ಮಾತ್ರ ಹೇಳ್ಲಿಕ್ಕೆ ಆಗುದಿಲ್ಲ. ಗೋಡೆ ಅಷ್ಟು ಜೋರು ಕೀರ್ತಾ ಇತ್ತು. ಅದರ ಎಡೆಯಲ್ಲಿ ನನ್ನ ಕೈ ನನಗೇ ಕೇಳ್ಲಿಲ್ಲ. ಇಪ್ಪತ್ನಾಲ್ಕು ವರ್ಷದಿಂದ ಕೈ ಕಿವಿಗೆ ಹಿಡಿದುಕೊಂಡೇ ಮಲಗ್ತೇನೆ."

ನನ್ನ ಕೈಯಲ್ಲಿದ್ದ ಮೊರ ಯಾವಾಗ ಜಾರಿತೋ ಗೊತ್ತಿಲ್ಲ. ಅಕ್ಕಿಯ ಮೇಲೆಯೇ ನಡೆದುಹೋಗಿ ಅವಳ ಅಂಗೈಗಳ ನಡುವೆ ತಲೆಯಿಟ್ಟೆ. ಏನೂ ಕೇಳಿಸಲಿಲ್ಲ. ಅವಳ ಮಣಿಕಟ್ಟಿನ ನಾಡಿಯೊಂದು ಬಿಟ್ಟರೆ ಏನೂ ಇಲ್ಲ. ನಾನು ಅತ್ತೆ. ಅಳುವುದರಲ್ಲಿ ನನಗೆ ಅಭ್ಯಾಸ ಕಡಿಮೆ, ಮೂಗು ಸೋರುತ್ತದೆ.

"ಬನ್ನಿ" ಎಂದೆ ಕೊನೆಗೆ. "ಒಳಗೆ ಬನ್ನಿ ಸಿಸ್ಟರ್. ಚಾ ಮಾಡ್ತೇನೆ."

"ಚಾ ಆಮೇಲೆ. ನಿಮ್ಮ ಬಣ್ಣ ಕೆಟ್ಟದ್ದಲ್ಲ ವಾರಿಜಕ್ಕ. ಎರಡು ದಿನ ಆ ಕೋಣೆ ಸುಮ್ಮನಿತ್ತು. ನನ್ನ ಇಡೀ ಸರ್ವೀಸಿನಲ್ಲಿ ಎರಡೇ ದಿನ. ಅದನ್ನು ಹೋಗದ ಹಾಗೆ ಮಾಡ್ಲಿಕ್ಕೆ ಆಗುದಿಲ್ವಾ?"

ಆಗುತ್ತದೆ ಎಂದು ನನಗೆ ಗೊತ್ತಿತ್ತು. ಹೇಗೆಂದು ಗೊತ್ತಾದದ್ದು ಅವಳಿಗೆ ಚಾ ಸೋಸುವಾಗ. ಮದ್ದನ್ನು ಸರದ ಪಕ್ಕದಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಮಣಿಗೇ ಹೊಲಿಯಬೇಕು. ಹಾಗೆ ಹೊಲಿಸಿಕೊಳ್ಳುವ ಸರ ನಮ್ಮ ಊರಿನಲ್ಲಿ ರಾಶಿ ರಾಶಿ ಬಿದ್ದಿತ್ತು, ಬಂದರಿನ ಹಿಂದೆ, ನಾಯಿಗಳು ಮೂಸುವ ಕಡೆ. ಸಿಗಡಿ ಸಿಪ್ಪೆ. ಸಿಗಡಿಯ ಸಿಪ್ಪೆಯೂ ಒಂದು ಪಾಲಿಮರೇ. ಅದರ ಪ್ರತಿ ಮಣಿಯಲ್ಲೂ ಏನನ್ನಾದರೂ ಹಿಡಿದುಕೊಳ್ಳಲು ಒಂದು ಪುಟ್ಟ ಕೈಯಿದೆ, ಅದನ್ನು ಬಿಡಿಸಿಕೊಡಬೇಕು ಅಷ್ಟೆ.

ನಾನೂ ಫ್ಲೇವಿಯಾಳೂ ಸಿಗಡಿ ಸುಲಿಯುವ ಹೆಂಗಸರ ಹತ್ತಿರ ಹೋಗಿ ಹದಿನೆಂಟು ಬುಟ್ಟಿ ಸಿಪ್ಪೆ ಕೇಳಿದೆವು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಸಿಪ್ಪೆ ಕೊಂಡುಹೋಗಿ ಸಿಗಡಿ ಬಿಟ್ಟುಹೋಗುದು ನಿಮ್ಮನ್ನೇ ನೋಡಿದ್ದು" ಎಂದು ನಕ್ಕರು. ಬಿಸಿಲಲ್ಲಿ ಒಣಗಿಸಿ, ತೆಳು ಆಸಿಡ್ಡಿನಲ್ಲಿ ಮುಳುಗಿಸಿದಾಗ ಸಿಪ್ಪೆಯ ಸುಣ್ಣವೆಲ್ಲ ನೊರೆಯಾಗಿ ಹೋಯಿತು. ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಹಾಕಿ ದಿನವಿಡೀ ಕುದಿಸಿದೆ. ತೊಳೆದು ಒಣಗಿಸಿದರೆ ಬಿಳಿ ಅವಲಕ್ಕಿಯಂಥ ಚೂರುಗಳು ಸಿಕ್ಕವು, ವಾಸನೆಯಿಲ್ಲ, ಸದ್ದಿಲ್ಲ. ವಿನೆಗರಿನಲ್ಲಿ ಕದಡಿದರೆ ಗಂಜಿಯಂತೆ ಮಂದವಾಗುತ್ತದೆ. ಇನ್ನು ಅದರ ಪುಟ್ಟ ಕೈಗಳಿಗೆ ಆಯುಧ ಕೊಡಬೇಕು. ನಮ್ಮ ಫ್ಯಾಕ್ಟರಿಯ ಬಣ್ಣದ ವಿಭಾಗದಲ್ಲಿ, ಹತ್ತಿಬಟ್ಟೆ ಬಣ್ಣವನ್ನು ಬಿಡದೆ ಹಿಡಿಯಲೆಂದು ಬಳಸುವ ಒಂದು ದ್ರವವುಂಟು. ಅದು ಹೋಗಿ ಅಂಟಿಕೊಂಡ ಕಡೆ ಧನವಿದ್ಯುತ್ತಿನ ಒಂದು ಕಿಡಿ ಶಾಶ್ವತವಾಗಿ ಉಳಿದುಬಿಡುತ್ತದೆ. ಕ್ರಿಮಿಯ ಚರ್ಮದ್ದು ಋಣವಿದ್ಯುತ್ತು. ಗೋಡೆಯ ಮೇಲೆ ಬಂದು ಕೂತ ಕ್ರಿಮಿಯನ್ನು ಆ ಕಿಡಿ ತನ್ನ ಕಡೆಗೆ ಎಳೆಯುತ್ತದೆ, ಚರ್ಮ ಹರಿಯುತ್ತದೆ, ಕ್ರಿಮಿ ಮುಗಿಯುತ್ತದೆ. ಕಿಡಿ ಎಲ್ಲಿಗೂ ಹೋಗುವುದಿಲ್ಲ, ಮುಂದಿನದಕ್ಕೆ ಕಾಯುತ್ತದೆ. ಫ್ಲೇವಿಯಾಳಿಗೆ ಇದನ್ನು ಹೇಳಿದಾಗ ಅವಳು "ಅಂದ್ರೆ ಗೋಡೆಯೇ ಡ್ಯೂಟಿಗೆ ನಿಲ್ಲುದು" ಎಂದಳು. ಅಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ.

ಮೊದಲನೆಯ ಪಾಕ ಕೆಟ್ಟಿತು. ಕಿಡಿಗಳೇನೋ ಕೂತವು, ಆದರೆ ಆ ಗಂಜಿಗೆ ನೀರೆಂದರೆ ಎಷ್ಟು ಪ್ರೀತಿ ಎಂದರೆ ಒದ್ದೆ ಬಟ್ಟೆ ತಾಗಿದ ಕೂಡಲೇ ಕರಗಿ ಇಳಿಯಿತು. ಹಾಗಾಗಿ ಸರಕ್ಕೂ ಸರಕ್ಕೂ ನಡುವೆ ಕೊಂಡಿ, ಸರಕ್ಕೂ ಗೋಡೆಯ ಬಣ್ಣಕ್ಕೂ ನಡುವೆ ಇನ್ನೊಂದು ಕೊಂಡಿ ಹಾಕಬೇಕಾಯಿತು. ಕೊಂಡಿ ಕಡಿಮೆಯಾದರೆ ಇಳಿಯುತ್ತದೆ, ಹೆಚ್ಚಾದರೆ ಹಪ್ಪಳದಂತೆ ಬಿರಿಯುತ್ತದೆ. ಹತ್ತು ದಿನ ನಾನು ಮಾಡಿದ್ದು ಇದೊಂದೇ ಕೆಲಸ. ಲ್ಯಾಬಿನ ಕಿಟಕಿಯ ಉದ್ದಕ್ಕೂ ಹಂಚಿನ ಚೂರುಗಳಿಗೆ ಬೇರೆ ಬೇರೆ ಪಾಕ ಹಚ್ಚಿ, ಒಂದೊಂದರ ಮೇಲೆ ಕೊಳೆತ ಮೀನಿನ ನೀರು ಚಿಮುಕಿಸಿ, ಒಂದೊಂದನ್ನೂ ಕಿವಿಗಿಟ್ಟು ಕೇಳುತ್ತಿದ್ದೆ. ಹತ್ತೊಂಬತ್ತನೆಯ ಹಂಚು ಮೊದಲು ಕೀರಿತು, ಆಮೇಲೆ ಗೊಣಗಿತು, ನಾನು ಊಟ ಮುಗಿಸಿ ಬರುವಷ್ಟರಲ್ಲಿ ಸುಮ್ಮನಾಗಿತ್ತು. ಬಿಸಿನೀರಿನಲ್ಲಿ ನೂರು ಸಲ ತೊಳೆದೆ. ಸುಮ್ಮನೆಯೇ ಇತ್ತು. ನಾನು ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ. ಐವತ್ತೆರಡು ವರ್ಷದವಳು ಕುಣಿದರೆ ನೋಡಲು ಚೆನ್ನಾಗಿರುವುದಿಲ್ಲ, ಯಾರೂ ನೋಡಲಿಲ್ಲ.

ಈ ಸಲ ಹಚ್ಚಲು ನಾನೇ ಹೋದೆ. ಹೊಸ್ತಿಲ ಬಳಿ ಕಲ್ಲಿನ ರಾಶಿಯನ್ನು ಬಳಸಿಕೊಂಡು ಒಳಗೆ ಕಾಲಿಟ್ಟೆ. ಜಲಜ ಮಲಗಿದ್ದ ಮಂಚ ಕಿಟಕಿಯ ಕೆಳಗೆ ಇತ್ತು, ಈಗಲೂ ಅಲ್ಲೇ ಇದೆ. ನಾಲ್ಕು ಗೋಡೆ, ಮಂಚದ ಕಬ್ಬಿಣ, ಮೇಜು, ಬಾಗಿಲ ಹಿಡಿ, ಹಾಸಿಗೆಯ ರೆಕ್ಸಿನ್, ಯಾವುದನ್ನೂ ಬಿಡಲಿಲ್ಲ. ಮರುದಿನ ಬೆಳಗ್ಗೆ ಕೋಣೆ ಮೌನ. ಅದರ ಮರುದಿನವೂ ಮೌನ. ಜನ ಬಾಗಿಲಿಗೆ ಬಂದು ಕಿವಿ ಕೊಟ್ಟು ಹೋಗತೊಡಗಿದರು. ಅಮಾವಾಸ್ಯೆಗೆ ಹದಿಮೂರು ದಿನವಿತ್ತು. ಹೆಂಗಸರು ನನ್ನನ್ನು ಕಂಡರೆ ದಾರಿ ಬಿಡುತ್ತಿದ್ದರು. ಹರಿಣಿ ಮಾತ್ರ "ಇನ್ನು ನಿಮ್ಮನ್ನು ಮನೆಯಲ್ಲಿ ಹಿಡಿಯುದು ಕಷ್ಟ" ಎಂದು ಕಿಚಾಯಿಸಿದಳು.

ಅಮಾವಾಸ್ಯೆಯ ಬೆಳಗ್ಗೆ ಎಂಟು ಗಂಟೆಗೆ ಹರಿಣಿಗೆ ನೋವು ಶುರುವಾಯಿತು. ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಂದರೆ ಫ್ಲೇವಿಯಾ ಬಾಗಿಲಲ್ಲಿ ಗೋಡೆಯ ಹಾಗೆ ಬಿಳಿಚಿಕೊಂಡು ನಿಂತಿದ್ದಳು. ಅವಳು ಹೇಳಬೇಕಾಗಿರಲಿಲ್ಲ. ಜಗಲಿಯಿಂದಲೇ ನನಗೆ ಕೇಳಿಸಿತು. ಸಣ್ಣಗೆ, ಬಿಡದೆ, ಹಲ್ಲಿನ ಬುಡಕ್ಕೆ.

"ನಿನ್ನೆ ಸಂಜೆಯಿಂದ" ಎಂದಳು. "ನನ್ನ ಕಿವಿಯೇ ಕೆಟ್ಟಿದೆ ಅಂತ ಗ್ರಹಿಸಿದೆ."

ಹರಿಣಿಯನ್ನು ಜಗಲಿಯ ಬೆಂಚಿನ ಮೇಲೆ ಮಲಗಿಸಿ ನಾನು ಒಳಗೆ ನುಗ್ಗಿದೆ. ನಾಲ್ಕು ಗೋಡೆಯೂ ಕೀರುತ್ತಿತ್ತು. ನನ್ನ ಹತ್ತೊಂಬತ್ತನೆಯ ಪಾಕ, ನನ್ನ ಕಿಡಿಗಳು, ನನ್ನ ಕೊಂಡಿಗಳು. ಮಧ್ಯಾಹ್ನಕ್ಕೆ ಕಿವಿ ಯಜಮಾನರು ಬರುತ್ತಾರೆ, ಮೂರು ಬೆರಳು ಎತ್ತುತ್ತಾರೆ, ಇಳಿಹೊತ್ತಿಗೆ ಕೆಲಸದವರು ರಾಶಿ ಬಿಡಿಸಿ ನನ್ನ ಕಲ್ಲನ್ನೇ ಅಡಿಗಲ್ಲಾಗಿ ಇಡುತ್ತಾರೆ. ನನ್ನ ಮಗು ಹೊರಗೆ ಸೈಕಲ್ ಪಕ್ಕದಲ್ಲಿ ನರಳುತ್ತಾಳೆ. ಮೇಜಿನ ಮೇಲೆ ಬಿಸಿನೀರಿನ ಬೋಗುಣಿ, ಅದರಲ್ಲಿ ಅದ್ದಿಟ್ಟ, ಮೈ ಒರೆಸುವ ಒಂದು ಬೈರಾಸ ಇತ್ತು. ಕೋಪ ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವವಳು ನಾನು. ಬೈರಾಸವನ್ನು ಎತ್ತಿ ಜಲಜಳ ಮಂಚದ ಹಿಂದಿನ ಗೋಡೆಗೆ ಬೀಸಿ ಒಗೆದೆ.

ಅದು ಗೋಡೆಗೆ ಅಪ್ಪಳಿಸಿ, ಅಂಟಿಕೊಂಡು, ಮೆಲ್ಲಗೆ ಜಾರಿ ಕೆಳಗೆ ಬಿತ್ತು. ಆ ಮೂಲೆಯಲ್ಲಿ ಕೀರಲು ಸ್ವಲ್ಪ ತಗ್ಗಿತು. ನಾನು ಹೋಗಿ ಗೋಡೆಗೆ ಕಿವಿಯಿಟ್ಟೆ. ಬೈರಾಸ ಜಾರಿದ ಒದ್ದೆ ಪಟ್ಟಿಯಷ್ಟು ಅಗಲಕ್ಕೆ ಪೂರ್ತಿ ಮೌನ. ಒಂದು ಗೇಣು ಪಕ್ಕಕ್ಕೆ ಸರಿದರೆ ಕೀರಲು. ಮತ್ತೆ ಪಟ್ಟಿಗೆ ಬಂದರೆ ಮೌನ. ಲ್ಯಾಬಿನ ಹಂಚನ್ನು ನಾನು ನೂರು ಸಲ ತೊಳೆದದ್ದು ಆಗ ನೆನಪಾಯಿತು.

"ಸೇಸಕ್ಕ!" ಎಂದು ಕೂಗಿದೆ. ಆಸ್ಪತ್ರೆಯ ಕಸ ಗುಡಿಸಿ ನೆಲ ಒರೆಸುವ ಹೆಂಗಸು ಓಡಿ ಬಂದಳು. "ಈ ಗೋಡೆ ಕೊನೆಗೆ ಯಾವಾಗ ಒರೆಸಿದ್ದು?"

"ಒರೆಸುದಾ?" ಸೇಸಕ್ಕನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವು ಬಣ್ಣ ಹಚ್ಚಿದ ಮೇಲೆ ಎಂತಕ್ಕೆ ಒರೆಸುದು? ಸದ್ದೇ ಇಲ್ಲದ್ದನ್ನು ಯಾರಾದ್ರೂ ಒರೆಸ್ತಾರಾ ಮಾರಾಯ್ತಿ?"

ಫ್ಲೇವಿಯಾ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವಳೂ ಒರೆಸಲು ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನಮ್ಮ ಊರಿನಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ. ಸದ್ದು ಬಂದರೆ ತೊಳೆ, ಸದ್ದಿಲ್ಲದಿದ್ದರೆ ಶುದ್ಧ, ತೊಟ್ಟಿಲಲ್ಲಿದ್ದಾಗಿನಿಂದ ನಾವು ಕಲಿತದ್ದು ಇಷ್ಟೇ. ಗೋಡೆ ತನ್ನ ಡ್ಯೂಟಿ ಮಾಡಿತ್ತು. ಹದಿಮೂರು ದಿನ ಬಂದ ಕ್ರಿಮಿಗಳನ್ನೆಲ್ಲ ಕೊಂದಿತ್ತು. ಸತ್ತವು ಸದ್ದು ಮಾಡುವುದಿಲ್ಲ. ಸದ್ದು ಮಾಡದೆ ಒಂದರ ಮೇಲೊಂದು ಬಿದ್ದು, ಕಿಡಿಗಳನ್ನು ಮುಚ್ಚಿ, ಗೋಡೆಗೆ ಕಣ್ಣಿಗೆ ಕಾಣದ ಹಾಸಿಗೆ ಹಾಸಿದ್ದವು. ಆ ಹಾಸಿಗೆಯ ಮೇಲೆ ಹೊಸಬರು ಬಂದು ಹಾಯಾಗಿ ಕೂತು ಕೀರುತ್ತಿದ್ದರು. ಪಾಕ ಕೆಟ್ಟಿರಲಿಲ್ಲ. ಕೆಟ್ಟದ್ದು ನಮ್ಮ ಅಭ್ಯಾಸ.

"ಒದ್ದೆ ಬಟ್ಟೆ ಸಾಕು" ಎಂದೆ. "ಸೋಪು ಬೇಡ, ಮದ್ದು ಬೇಡ. ಬೆಚ್ಚಗಿನ ನೀರು, ಒದ್ದೆ ಬಟ್ಟೆ. ಮೇಲಿಂದ ಕೆಳಗೆ. ಹೆಣ ತೆಗೆದರೆ ಸಾಕು, ಉಳಿದದ್ದನ್ನು ಗೋಡೆ ನೋಡಿಕೊಳ್ತದೆ."

ಗಂಟೆ ಒಂಬತ್ತೂವರೆ. ಸೇಸಕ್ಕ ಜಗಲಿಗೆ ಹೋಗಿ ಏನು ಕೂಗಿದಳೋ, ಜ್ವರದವರ ಜೊತೆಗೆ ಬಂದ ಹೆಂಗಸರು ಬಂದರು, ಬಂದರಿನಿಂದ ಸಿಗಡಿ ಸುಲಿಯುವವರು ಬಂದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈ ತೊಳೆದು, ಒಬ್ಬರ ಅಂಗೈ ಒಬ್ಬರು ಕೇಳಿಕೊಂಡು ಒಳಗೆ ಬಂದರು. ಬಾಗಿಲ ಬಳಿ ಕಲ್ಲು ಇಟ್ಟವರೂ ಅವರಲ್ಲಿದ್ದರು. ಎತ್ತರದ ಕಡೆಗೆ ಮೇಜಿನ ಮೇಲೆ ಸ್ಟೂಲಿಟ್ಟು ನಾನೇ ಹತ್ತಿದೆ. ಒರೆಸಿದ ಜಾಗ ಪಟ್ಟಿ ಪಟ್ಟಿಯಾಗಿ ಮೌನವಾಗುತ್ತ ಬಂತು. ಮೊದಲು ಕಿಟಕಿಯ ಗೋಡೆ, ಆಮೇಲೆ ಎಡಗಡೆಯದು. ಕೀರಲು ಮೂಲೆಗೆ ಸರಿಯಿತು, ಮೂಲೆಯಿಂದ ಮಂಚದ ಕಾಲಿಗೆ ಇಳಿಯಿತು. ಜಗಲಿಯಿಂದ ಹರಿಣಿ "ದೊಡ್ಡಮ್ಮ, ಬೇಗ!" ಎಂದು ಕೂಗಿದಳು. "ನಿನ್ನ ಮಗುವಿಗೆ ಸ್ವಲ್ಪ ಕಾಯ್ಲಿಕ್ಕೆ ಹೇಳು" ಎಂದು ನಾನು ಸ್ಟೂಲಿನ ಮೇಲಿಂದ ಕೂಗಿದೆ. "ನಿಮ್ಮ ಹಾಗೇ ಉಂಟು ಇದು, ಹೇಳಿದ್ದು ಕೇಳುದಿಲ್ಲ!" ಎಂದು ಉತ್ತರ ಬಂತು. ಹೆಂಗಸರು ನಕ್ಕರು. ಹನ್ನೊಂದೂ ಮುಕ್ಕಾಲಿಗೆ ಫ್ಲೇವಿಯಾ ಮಂಚದ ಕೊನೆಯ ಕಾಲನ್ನು ಒರೆಸಿ, ಬಟ್ಟೆ ಹಿಂಡಿ ಎದ್ದು ನಿಂತಳು. ಎಲ್ಲರೂ ಒಂದೊಂದು ಗೋಡೆಗೆ ಕಿವಿಯಿಟ್ಟೆವು.

ಹನ್ನೆರಡಕ್ಕೆ ನಮ್ಮ ಕಿವಿ ಯಜಮಾನರು, ಐತಪ್ಪನವರು, ಬಂದರು. ಎಂಬತ್ತರ ಮನುಷ್ಯ, ಒಣಗಿದ ದೇಹ, ಕಿವಿ ಮಾತ್ರ ಚುರುಕು. ಆಲಿಸುವ ಹೊತ್ತಿನಲ್ಲಿ ಊರಿನ ಬಸ್ಸು ನಿಲ್ಲುತ್ತದೆ, ಮೀನು ಮಾರ್ಕೆಟ್ಟು ಬಾಯಿ ಮುಚ್ಚುತ್ತದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಒಂದು ಊದುಬತ್ತಿ ಹಚ್ಚಿಟ್ಟರು, ಅದು ಉರಿದು ಮುಗಿಯುವವರೆಗೆ ಅವರು ಕೇಳಬೇಕು. ಬೆಂಚಿನ ಮೇಲೆ ಹರಿಣಿ ಸೆರಗು ಕಚ್ಚಿಕೊಂಡು, ಒಂದು ಸದ್ದೂ ಮಾಡದೆ, ನನ್ನ ಮಣಿಕಟ್ಟನ್ನು ಹಿಂಡಿದಳು. ಆ ಬೆರಳುಗಳ ಗುರುತು ನಾಲ್ಕು ದಿನ ಇತ್ತು. ಊದುಬತ್ತಿಯ ಬೂದಿ ಬಾಗಿ ಬಾಗಿ ಕೊನೆಗೆ ಬಿತ್ತು.

ಬಾಗಿಲು ತೆರೆಯಿತು. ಯಜಮಾನರು ಹೊಸ್ತಿಲಲ್ಲಿ ನಿಂತು ಕೈ ಎತ್ತಲಿಲ್ಲ. ಬೆರಳನ್ನು ಕಿವಿಗೆ ಹಾಕಿ ಅಲುಗಿಸಿ, ಮತ್ತೊಮ್ಮೆ ಒಳಗೆ ತಲೆ ಹಾಕಿ ಬಂದರು.

"ಅರವತ್ತು ವರ್ಷ ಆಯ್ತು ನಾನು ಕೋಣೆಗಳನ್ನು ಕೇಳ್ಲಿಕ್ಕೆ ಶುರು ಮಾಡಿ" ಎಂದರು. "ಇವತ್ತು ಒಳಗೆ ನನ್ನ ಉಸಿರು ನನಗೆ ಕೇಳ್ತು. ಹೀಗೆ ಆದದ್ದು ಇದೇ ಮೊದಲು. ಹುಡುಗಿಯನ್ನು ಒಳಗೆ ಕರ್ಕೊಂಡು ಹೋಗಿ ಮಾರಾಯ್ರೇ, ಎಂತ ನೋಡ್ತಾ ನಿಂತಿದ್ದೀರಿ?"

ಆ ಕೂಗು, ಆ ಚಪ್ಪಾಳೆ, ನಾನು ಸಾಯುವವರೆಗೆ ಮರೆಯುವುದಿಲ್ಲ. ಬಂದರಿನ ತನಕ ಕೇಳಿಸಿತಂತೆ, ದೋಣಿಯವರು ಏನೋ ಆಯಿತೆಂದು ಓಡಿ ಬಂದರು. ಹರಿಣಿ ಮೂರೂವರೆಗೆ ಹೆಣ್ಣುಮಗು ಹೆತ್ತಳು, ಜಲಜ ಅವಳನ್ನು ಹೆತ್ತ ಮಂಚದಲ್ಲೇ. ಹಿಡಿದದ್ದು ಫ್ಲೇವಿಯಾಳ ಕೈ. ಮಗುವನ್ನು ಮುಟ್ಟುವ ಮೊದಲು ಅವಳು ಅಂಗೈಗಳನ್ನು ತನ್ನ ಕಿವಿಗೆ ಹಿಡಿದಳು. ಆ ಕೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಕೈ ಕೇಳಿಸಿತು. ಸ್ವಚ್ಛವಾಗಿತ್ತು. ಅವಳ ಮುಖವನ್ನು ನಾನು ಆಗ ನೋಡಿದೆ, ಅದನ್ನು ಬರೆಯಲು ನನಗೆ ಬರುವುದಿಲ್ಲ.

ಮೂರನೆಯ ದಿನ ನಾನು ಬೆಳಗಿನಿಂದ ಹರಿಣಿಯ ಹಣೆ ಮುಟ್ಟಿ ಮುಟ್ಟಿ ನೋಡಿದೆ. ಜ್ವರವಿಲ್ಲ. ಊತವೂ ಇಳಿಯುತ್ತಿತ್ತು. ಒಂಬತ್ತನೆಯ ದಿನ "ದೊಡ್ಡಮ್ಮ, ಇನ್ನೊಮ್ಮೆ ಹಣೆ ಮುಟ್ಟಿದ್ರೆ ಕೈ ಕಚ್ತೇನೆ" ಎಂದಳು. ನಾನು ಹೊರಗೆ ಹೋಗಿ ಜಗಲಿಯ ಕಂಬಕ್ಕೆ ಒರಗಿ ಚೆನ್ನಾಗಿ ಅತ್ತು ಬಂದೆ.

ಈಗ ಆಸ್ಪತ್ರೆಯಲ್ಲಿ ಬೆಳಗ್ಗೆ ಮತ್ತು ಸಂಜೆ ಒರೆಸುವ ಪದ್ಧತಿ ಬಂದಿದೆ, ಸದ್ದು ಇರಲಿ ಇಲ್ಲದಿರಲಿ. ಸೇಸಕ್ಕ ಗೊಣಗುತ್ತಲೇ ಒರೆಸುತ್ತಾಳೆ. ಗೋಡೆ ಹಾಕಿದ್ದ ಐದು ಕೋಣೆಗಳಲ್ಲಿ ಮೂರನ್ನು ಒಡೆದಾಗಿದೆ, ಪಾಕದ ಕಡಾಯಿ ಫ್ಯಾಕ್ಟರಿಯಲ್ಲಿ ಆರುವುದೇ ಇಲ್ಲ. ಬಂದರಿನ ಹಿಂದೆ ಈಗ ನಾಯಿಗಳಿಗೆ ಸಿಪ್ಪೆ ಸಿಗುವುದಿಲ್ಲ. ಅತಿ ಉತ್ಸಾಹದ ಒಬ್ಬಳು ಪಾಕವನ್ನು ಕದ್ದು ಒಯ್ದು ಮೊಸರಿನ ಪಾತ್ರೆಯ ಒಳಗೆ ಹಚ್ಚಿದಳು, ಮೂರು ದಿನ ಹಾಲು ಹಾಲಾಗಿಯೇ ಕೂತು ಅವಳ ಅತ್ತೆ ನನ್ನ ಮನೆಗೆ ಜಗಳಕ್ಕೆ ಬಂದರು. ಒಳ್ಳೆಯ ಜಗಳ, ಇಬ್ಬರಿಗೂ ಖುಷಿಯಾಯಿತು.

ಹೆರಿಗೆ ಕೋಣೆಯ ಬಾಗಿಲ ಬಳಿಯ ಕಲ್ಲುಗಳನ್ನು ಅವರವರು ಬಂದು ಒಂದೊಂದಾಗಿ ಒಯ್ದರು. ಯಾರೂ ಯಾರಿಗೂ ಹೇಳಿರಲಿಲ್ಲ. ಎಲ್ಲಕ್ಕಿಂತ ಕೆಳಗಿನದು ಕೊನೆಗೆ ಉಳಿಯಿತು. ಹರಿಣಿಯನ್ನು ಮನೆಗೆ ಕರೆತರುವ ದಿನ ನಾನು ಬಗ್ಗಿ ಅದನ್ನು ಎತ್ತಲು ನೋಡಿದೆ, ಆಗಲಿಲ್ಲ. ಇಪ್ಪತ್ತೆಂಟರಲ್ಲಿ ತಲೆಯ ಮೇಲೆ ಹೊತ್ತು ತಂದ ಕಲ್ಲು. ಫ್ಲೇವಿಯಾ ಸೆರಗು ಸಿಕ್ಕಿಸಿಕೊಂಡು ಬಂದು ಆ ಕಡೆ ಹಿಡಿದಳು. ಅವಳ ಬೆನ್ನು ನನ್ನದಕ್ಕಿಂತ ಗಟ್ಟಿ. ಇಬ್ಬರೂ ಸೇರಿ ರಿಕ್ಷಾಕ್ಕೆ ಹಾಕಿ ತಂದೆವು.

ಅದೀಗ ನಮ್ಮ ಬಚ್ಚಲಿನಲ್ಲಿದೆ. ದಿನಾ ಬೆಳಗ್ಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆ ಕೂತು, ಕಾಲು ಮುಂದಕ್ಕೆ ಚಾಚಿ, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುತ್ತೇನೆ. ಮಗುವಿಗೆ ಜಲಜ ಎಂದು ಹೆಸರಿಟ್ಟಿದ್ದಾರೆ. ನೀರು ಬಿದ್ದ ಕೂಡಲೇ ಎಂಥ ಗಂಟಲು ತೆಗೆಯುತ್ತದೆ ಎಂದರೆ ನನಗೆ ಬೇರೆ ಏನೂ ಕೇಳಿಸುವುದಿಲ್ಲ.